ಹಾಡಿಯ ಅಳಲನ್ನು ದಾಖಲಿಸಿದ ಪ್ರಾಧ್ಯಾಪಕರು

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮಾರ್ಗವಾಗಿ ಮಡಿಕೇರಿಗೆ ಹೋಗುವ ಹೆದ್ದಾರಿ ನಮಗೆಲ್ಲ ಚಿರಪರಿಚಿತ. ಇಕ್ಕೆಲಗಳ ಹೊಗೆಸೊಪ್ಪಿನ ಹೊಲಗಳನ್ನೂ ಸೊಪ್ಪು ಹದಮಾಡುವ ಬ್ಯಾರನ್‌ಗಳನ್ನೂ ನೋಡುತ್ತಲೇ ಸಾಗುತ್ತೇವೆ. ಆದರೆ ಹೊಲಗಳಾಚೆ, ಕಾಡಂಚಿನ ಹಾಡಿಗಳಲ್ಲಿ ಬಾಳುತ್ತಿರುವ ಜೇನುಕುರುಬ, ಬೆಟ್ಟಕುರುಬ, ಯರವ ಬಂಧುಗಳ ಕಥೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ನಾಗರಹೊಳೆ ಅರಣ್ಯ ಇವರ ಪೂರ್ವಜರ ನೆಲೆ. ಜೇನು, ಗೆಡ್ಡೆಗೆಣಸು, ಸೊಪ್ಪುಸದೆ ಇವರ ಜೀವನಾಧಾರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಬಳಿಕ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ತಲೆತಲಾಂತರದಿಂದ ಅಲ್ಲಿದ್ದವರು ಒಬ್ಬೊಬ್ಬರಾಗಿ ಹೊರಬಂದರು. ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. ಇದೇ ಕಾಡಿನ ಮೂರ್ಕಲ್‌ನಲ್ಲಿ ಐಷಾರಾಮಿ ಹೋಟೆಲೊಂದು ತಲೆಯೆತ್ತತೊಡಗಿದಾಗ ಆದಿವಾಸಿಗಳು ಹೋರಾಟಕ್ಕಿಳಿದರು. 1997ರಲ್ಲಿ ರಾಜ್ಯ ಉಚ್ಚ ನ್ಯಾಯಾಲಯ ಆ ಯೋಜನೆಯನ್ನು ತಡೆಯಿತು.

ಆದರೆ ಅದಾಗಲೇ ಹೊರಬಿದ್ದವರ ಗತಿಯೇನು? ಅವರಿಗೆ ಹಕ್ಕುಪತ್ರವಿರಲಿಲ್ಲ. ಕಾಗದವಿಲ್ಲದವನ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಈ ಪ್ರಶ್ನೆಯೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯ ನೇಮಿಸಿದ ಸಮಿತಿಯ ನೇತೃತ್ವ ವಹಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ ಅವರು.

ಕರಾವಳಿಯಲ್ಲಿ ಹುಟ್ಟಿ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಅಸ್ಸಾದಿ ಅವರು ಕರ್ನಾಟಕದ ರೈತ ಚಳವಳಿಯನ್ನು ಆಳವಾಗಿ ಅಭ್ಯಸಿಸಿದವರು. ವಿವಿಧ ಮತ, ಜಾತಿ, ಭಾಷೆಗಳ ಜನರು ಕೂಡಿ ಬಾಳುವ ಸೌಹಾರ್ದದ ಪರವಾಗಿ ವೇದಿಕೆಗಳಲ್ಲಿ ನಿರ್ಭೀತರಾಗಿ ಮಾತನಾಡಿದವರು. ಮುಂದೆ ತಮ್ಮ ವಿಶ್ವವಿದ್ಯಾನಿಲಯದ ಪ್ರಭಾರ ಕುಲಪತಿಗಳೂ ಆದರು. ಆದರೆ ಹಾಡಿಯ ಜನ ಅವರನ್ನು ಸ್ಮರಿಸುವುದು ಆ ಪದವಿಗಾಗಿ ಅಲ್ಲ, 2014ರಲ್ಲಿ ಸಲ್ಲಿಕೆಯಾದ ವರದಿಗಾಗಿ. ನಾಗರಹೊಳೆಯಿಂದ 3,418 ಕುಟುಂಬಗಳು ನಿರ್ವಸಿತವಾಗಿವೆ ಎಂದು ಆ ವರದಿ ಗುರುತಿಸಿತು. ಅವರಿಗೆ ಪುನರ್ವಸತಿಯನ್ನು ಶಿಫಾರಸು ಮಾಡಿತು. ಲೆಕ್ಕಕ್ಕೇ ಇಲ್ಲದವರು ಲೆಕ್ಕಕ್ಕೆ ಬಂದರು.

ನೆಲದ ಪ್ರಶ್ನೆ ಶಾಲೆಯ ಪ್ರಶ್ನೆಯೂ ಹೌದು. ತಂದೆತಾಯಿ ಕೂಲಿಗಾಗಿ ತೋಟಕ್ಕೆ ಹೊರಟರೆ ಮಗುವೂ ಅವರ ಹಿಂದೆ ನಡೆಯುತ್ತದೆ; ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಉಳಿಯುತ್ತದೆ. ಸರಕಾರದ ಆಶ್ರಮಶಾಲೆಗಳಲ್ಲಿ ಊಟ, ವಸತಿಗಳುಂಟು. ಆದರೆ ಮನೆಯಲ್ಲಿ ತನ್ನದೇ ನುಡಿಯನ್ನಾಡುವ ಮಗುವಿಗೆ ಪಠ್ಯದ ಕನ್ನಡವೂ ಹೊಸದೇ. ಕಾಡಿನ ಮರ, ಹಕ್ಕಿಗಳನ್ನು ಹೆಸರಿಡಿದು ಕರೆಯಬಲ್ಲ ಬಾಲಕ ತರಗತಿಯಲ್ಲಿ ‘ದಡ್ಡ’ ಎನಿಸಿಕೊಳ್ಳುವುದು ಯಾರ ತಪ್ಪು?

ಹಳೆಯ ಒಡಂಬಡಿಕೆಯ ನಾಬೋತನನ್ನು ನೆನೆಯೋಣ. ಅವನ ದ್ರಾಕ್ಷಿತೋಟಕ್ಕೆ ಬದಲಾಗಿ ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡಲು ಅರಸ ಅಹಾಬ ಸಿದ್ಧನಿದ್ದ. ಪಿತ್ರಾರ್ಜಿತವನ್ನು ಮಾರಲಾರೆನೆಂದ ನಾಬೋತ ಪ್ರಾಣವನ್ನೇ ತೆರಬೇಕಾಯಿತು. ಅವನ ಪರವಾಗಿ ನುಡಿದವನು ಪ್ರವಾದಿ ಎಲೀಯ. 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ತಿಳಿಸಿದ್ದೂ ಇದನ್ನೇ: ಮೂಲನಿವಾಸಿಗಳಿಗೆ ಭೂಮಿ ಸರಕಲ್ಲ, ಅದು ದೇವರ ಹಾಗೂ ಪೂರ್ವಜರ ಕೊಡುಗೆ; ಅವರ ನೆಲದ ಕುರಿತ ಯೋಜನೆಗಳಲ್ಲಿ ಮೊದಲು ಅವರ ಮಾತನ್ನೇ ಕೇಳಬೇಕು.

ಕಾಡುಪ್ರಾಣಿಗಳಿಗೂ ಬದುಕುವ ನೆಲೆ ಬೇಕು, ನಿಜ. ಆದರೆ ಕಾಡನ್ನು ಕಾಪಾಡುವ ಹೊಣೆಯ ಭಾರವನ್ನೆಲ್ಲ ಅತ್ಯಂತ ಬಡವರ ಹೆಗಲ ಮೇಲೆಯೇ ಹೊರಿಸುವುದು ನ್ಯಾಯವೇ? 2006ರ ಅರಣ್ಯ ಹಕ್ಕು ಕಾಯಿದೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರ ಪುನರ್ವಸತಿಯ ಹಕ್ಕನ್ನೂ ಮಾನ್ಯ ಮಾಡಿದೆ. ಆದರೂ 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ತಾವಾಗಿಯೇ ಮರಳಿ ಹೋಗಿ ಗುಡಿಸಲು ಹಾಕಿದುವೆಂದರೆ, ಆ ಗಾಯ ಮಾಗಿಲ್ಲವೆಂದೇ ಅರ್ಥ.

2025ರ ಜನವರಿ 4ರಂದು ಅಸ್ಸಾದಿ ಅವರು ತೀರಿಕೊಂಡರು. ನಮ್ಮ ಧರ್ಮದವರಲ್ಲದ ಈ ವಿದ್ವಾಂಸರು ನಮ್ಮ ನೆರೆಯವರಿಗಾಗಿ ದುಡಿದರು. ಗಾಯಗೊಂಡವನ ಬಳಿ ನಿಂತ ಸಮಾರಿಯದವನನ್ನು ಪ್ರಭು ಯೇಸು ನಮಗೆ ಮಾದರಿಯಾಗಿ ತೋರಿಸಲಿಲ್ಲವೇ? ನಮ್ಮ ಧರ್ಮಕೇಂದ್ರಗಳ ಸುತ್ತಲೂ ಹಾಡಿಗಳಿವೆ, ನಮ್ಮ ಮಕ್ಕಳ ತರಗತಿಗಳಲ್ಲಿ ಹಾಡಿಯ ಮಕ್ಕಳಿದ್ದಾರೆ. ಅವರ ಹೆಸರು ನಮಗೆ ಗೊತ್ತೇ? ಅಲ್ಲಿಂದಲೇ ಆರಂಭಿಸೋಣ.