ಪ್ರೆಸ್ ಬಟನ್ (ಚರ್ಮದ ಕೆಲಸದಲ್ಲಿ)

ಚೀಲದ ಮುಚ್ಚಳ, ಪಾಕೀಟು, ಬೆಲ್ಟಿಗೆ ಸಿಕ್ಕಿಸುವ ಪೌಚು, ಜಾಕೆಟ್ಟು ಮುಂತಾದವನ್ನು ಬೆರಳಿನಿಂದ ಒತ್ತಿ ಮುಚ್ಚಲು, ಎಳೆದು ಬಿಚ್ಚಲು ಬಳಸುವ ಲೋಹದ ಜೋಡಿ ಗುಂಡಿ. ಟಿಚ್ ಬಟನ್, ಒತ್ತುಗುಂಡಿ ಎಂಬ ಹೆಸರುಗಳೂ ಇವೆ. ರವಿಕೆಗೆ ಸೂಜಿದಾರದಿಂದ ಹೊಲಿಯುವ ಪುಟ್ಟ ಟಿಚ್ ಬಟನ್‌ಗೂ ಚರ್ಮಕ್ಕೆ ಬಡಿದು ಕೂರಿಸುವ ಬಟನ್‌ಗೂ ತತ್ವ ಒಂದೇ, ರಚನೆ ಬೇರೆ. ಇಲ್ಲಿ ಹೇಳಿರುವುದು ಎರಡನೆಯದರ ವಿಷಯ. ಕಾರ್ಖಾನೆಗಳಲ್ಲಿ ಇದನ್ನು ಪ್ರೆಸ್ ಯಂತ್ರ ಕೂರಿಸುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಸಣ್ಣ ಅಂಗಡಿಗಳಲ್ಲಿ, ರಿಪೇರಿಯವರ ಬಳಿ, ಹವ್ಯಾಸಕ್ಕಾಗಿ ಚರ್ಮ ಹೊಲಿಯುವವರ ಮೇಜಿನ ಮೇಲೆ ಈಗಲೂ ಸುತ್ತಿಗೆಯದೇ ಕೆಲಸ. ಅದನ್ನು ‘ಬಟನ್ ಹೊಡೆಯುವುದು’ ಎನ್ನುತ್ತಾರೆ. ಹೊಡೆತ ಕೊನೆಯ ಹಂತ ಮಾತ್ರ. ಬಟನ್ ನಿಲ್ಲುತ್ತದೋ ಕಿತ್ತುಬರುತ್ತದೋ ಎಂಬುದು ಬಹುಮಟ್ಟಿಗೆ ಅದಕ್ಕೆ ಮೊದಲೇ, ತೂತಿನ ಅಳತೆಯಲ್ಲೂ ಚರ್ಮದ ದಪ್ಪದಲ್ಲೂ ತೀರ್ಮಾನವಾಗಿರುತ್ತದೆ.

ರಚನೆ

ಬಿಡಿಭಾಗಗಳು ನಾಲ್ಕು. ಮುಚ್ಚಳದ ಹೊರಮೈಯಲ್ಲಿ ಕಾಣುವುದು ಗುಮ್ಮಟದ ಆಕಾರದ ಕ್ಯಾಪ್. ಅದರ ಬೆನ್ನಿಗೆ ಟೊಳ್ಳಾದ ಒಂದು ಕಾಲು. ಆ ಕಾಲು ಚರ್ಮದ ತೂತಿನಲ್ಲಿ ತೂರಿ ಒಳಮೈಯ ಸಾಕೆಟ್ಟಿನೊಳಗೆ ಬರುತ್ತದೆ. ಚೀಲದ ಮೈಯಲ್ಲಿ ಇನ್ನೊಂದು ಜೋಡಿ: ಒಳಗಿನಿಂದ ತೂರಿಬರುವ ಟೊಳ್ಳು ಕಾಲಿನ ಪೋಸ್ಟ್, ಅದರ ಮೇಲೆ ಕೂರುವ ಉಬ್ಬಾದ ಸ್ಟಡ್. ಕೆಲಸಗಾರರ ಮಾತಿನಲ್ಲಿ ಸಾಕೆಟ್ ಹೆಣ್ಣು, ಸ್ಟಡ್ ಗಂಡು. ಎರಡೂ ಕಡೆ ಟೊಳ್ಳು ಕಾಲಿನ ತುದಿಯನ್ನು ಹೊರಕ್ಕೆ ಅರಳಿಸಿ ಮಡಿಚುವುದರಿಂದಲೇ ಬಂಧ ಆಗುವುದು. ಅಂಟಾಗಲಿ ದಾರವಾಗಲಿ ಇಲ್ಲ.

ಮುಚ್ಚಿದಾಗ ಹಿಡಿದುಕೊಳ್ಳುವುದು ಸಾಕೆಟ್ಟಿನೊಳಗಿನ ಸ್ಪ್ರಿಂಗು. ಅದು ಎರಡು ಬಗೆ. ಒಂದರಲ್ಲಿ ಸಾಕೆಟ್ಟಿನ ಅಂಚಿನ ಸುತ್ತ ಒಂದು ಕಡೆ ಸೀಳಿರುವ ತಂತಿಯ ಉಂಗುರ ಇರುತ್ತದೆ. ಸ್ಟಡ್ ಒಳಹೋಗುವಾಗ ಉಂಗುರ ಹಿಗ್ಗಿ, ಸ್ಟಡ್ಡಿನ ಕತ್ತು ಬಂದೊಡನೆ ಕುಗ್ಗುತ್ತದೆ. ಇನ್ನೊಂದರಲ್ಲಿ ಎರಡು ಸಮಾನಾಂತರ ತಂತಿಗಳು ಸ್ಟಡ್ಡಿನ ಕತ್ತನ್ನು ಎರಡು ಮಗ್ಗುಲಿನಿಂದ ಅದುಮುತ್ತವೆ. ಉಂಗುರದ ಬಗೆ ಗಟ್ಟಿ, ಬಿಚ್ಚಲು ಬಲ ಬೇಕು, ದಪ್ಪ ಚರ್ಮಕ್ಕೆ ಹೇಳಿಮಾಡಿಸಿದ್ದು. ಜೋಡಿ ತಂತಿಯದು ಮೃದು. ಪಾಕೀಟು, ನಾಣ್ಯದ ಚೀಲಕ್ಕೆ ಸಾಕು. ಮಕ್ಕಳ ಬಟ್ಟೆಗೆ ಹಾಕುವ, ಹಲ್ಲುಗಳುಳ್ಳ ಉಂಗುರದ ಬಟನ್ ಬೇರೆಯದೇ ಬಗೆ. ಅದರ ಹಲ್ಲುಗಳು ನೇಯ್ಗೆಯ ಎಳೆಗಳ ನಡುವೆ ಹೋಗುವಂತೆ ಮಾಡಿದ್ದು, ಚರ್ಮಕ್ಕೆ ಅದು ಸಲ್ಲದು.

ಗಾತ್ರವನ್ನು ಲೈನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಟನ್ ವ್ಯಾಪಾರದಲ್ಲಿ 40 ಲೈನ್ ಅಂದರೆ ಒಂದು ಇಂಚು. 20 ಲೈನಿನ ಕ್ಯಾಪ್ ಸುಮಾರು 12.7 ಮಿಲಿಮೀಟರು, 24 ಲೈನಿನದು ಸುಮಾರು 15.2 ಮಿಲಿಮೀಟರು ಅಗಲ. ಹೆಗಲ ಚೀಲ, ಬೆಲ್ಟಿಗೆ 24. ಚಿಕ್ಕ ವಸ್ತುಗಳಿಗೆ 20.

ಹಿನ್ನೆಲೆ

1885ರಲ್ಲಿ ಜರ್ಮನಿಯ ಹೆರಿಬರ್ಟ್ ಬೌವರ್ ಗಂಡಸರ ಷರಾಯಿಗೆಂದು ಸ್ಪ್ರಿಂಗ್ ಗುಂಡಿಗೆ ಪೇಟೆಂಟ್ ಪಡೆದ. ಮರುವರ್ಷ ಫ್ರಾನ್ಸಿನ ಗ್ರೆನೋಬಲ್‌ನ ಆಲ್ಬರ್ಟ್ ಪಿಯರ್ ರೇಮಂಡ್ ಕೈಗವಸುಗಳಿಗೆ ಹೊಂದುವ ಬಟನ್ ರೂಪಿಸಿದ. ಗ್ರೆನೋಬಲ್ ಆಗ ಚರ್ಮದ ಕೈಗವಸಿಗೆ ಹೆಸರಾದ ಊರು. ಚರ್ಮದ ಪ್ರೆಸ್ ಬಟನ್‌ನ ತವರು ಅದೇ ಎನ್ನಬಹುದು. 1903ರಲ್ಲಿ ಜರ್ಮನಿಯ ಹಾನ್ಸ್ ಪ್ರಿಮ್ ಸ್ಪ್ರಿಂಗನ್ನು ಸುಧಾರಿಸಿದ. ಅಮೆರಿಕದ ಡೆನ್ವರಿನಲ್ಲಿ 1946ರಲ್ಲಿ ರಾಕ್‌ಮೌಂಟ್ ಕಂಪನಿ ಆರಂಭಿಸಿದ ಜ್ಯಾಕ್ ವೈಲ್ ದನಗಾಹಿಗಳ ಅಂಗಿಗೆ ಇದನ್ನು ಹಾಕಿ ಜನಪ್ರಿಯಗೊಳಿಸಿದ. ಅಂಗಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಹರಿಯುವ ಬದಲು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಅಲ್ಲಿ ಅದರ ಗುಣ. ಹಣದ ಚೀಲದ ಮೇಲೆ ಅದೇ ದೋಷ.

ಇನ್ನು ಬೆಂಗಳೂರಿನ ಕಥೆ. ಇಲ್ಲಿ ಬ್ರಿಟಿಷರ ದಂಡು 1809ರಲ್ಲಿ ನೆಲೆಯೂರಿತು. ಹಲಸೂರಿನ ಸುತ್ತ ಪಲ್ಟನ್ನುಗಳು, ಕುದುರೆ ಲಾಯಗಳು ಬಂದವು. ಇಂದಿನ ಕಾಮರಾಜ ರಸ್ತೆಯ ಹಳೆಯ ಹೆಸರೇ ಕ್ಯಾವಲ್ರಿ ರೋಡ್. ಕುದುರೆ ಇದ್ದಲ್ಲಿ ಜೀನು, ಲಗಾಮು, ಪಟ್ಟಿ ಬೇಕು. ಸಿಪಾಯಿ ಇದ್ದಲ್ಲಿ ಬೂಟು, ಬೆಲ್ಟು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರದ ಸುತ್ತ ಚರ್ಮದ ಕೆಲಸ ಬೆಳೆದದ್ದಕ್ಕೂ, ಅದರ ಉತ್ತರಕ್ಕೆ ಟ್ಯಾನರಿ ರಸ್ತೆ ಎಂಬ ಹೆಸರು ನಿಂತದ್ದಕ್ಕೂ ಈ ನೆರೆಹೊರೆಯ ನಂಟನ್ನು ಮರೆಯುವಂತಿಲ್ಲ. ಆದರೆ ಜೀನಿನ ಪಟ್ಟಿಗೆ ಪ್ರೆಸ್ ಬಟನ್ ಯಾರೂ ಹಾಕಲಿಲ್ಲ. ಭಾರ ಹೊರುವ ಕಡೆಗೆಲ್ಲ ಬಕಲು. ಅಧಿಕಾರಿಗಳ ಸ್ಯಾಮ್ ಬ್ರೌನ್ ಬೆಲ್ಟಿಗೆ ಹಿತ್ತಾಳೆಯ ಗುಂಡುತಲೆಯ ಗುಬುಟು. ಚರ್ಮದಲ್ಲಿ ಸೀಳಿದ ತೂತಿನೊಳಗೆ ಆ ಗುಬುಟು ತೂರಿ ನಿಲ್ಲುತ್ತದೆ, ಸ್ಪ್ರಿಂಗಿನ ಹಂಗಿಲ್ಲ. ಸೈನ್ಯದಲ್ಲಿ ಪ್ರೆಸ್ ಬಟನ್ ಕಾಣಿಸಿಕೊಂಡದ್ದು 1908ರ, ಆಮೇಲೆ 1937ರ ಮಾದರಿಯ ಹತ್ತಿ ಪಟ್ಟಿಯ ಸಜ್ಜಿನಲ್ಲಿ, ಮದ್ದಿನ ಚೀಲಗಳ ಮುಚ್ಚಳಕ್ಕೆ. ತ್ವರೆಯಾಗಿ ತೆರೆಯಬೇಕಾದ, ಭಾರ ಬೀಳದ ಜಾಗ ಅದು. ಇಂದಿಗೂ ಚೀಲ ಮಾಡುವವರು ಈ ವಿವೇಕ ಬಿಡಬಾರದು: ಹೆಗಲಪಟ್ಟಿಗೆ ಬಕಲು, ಮುಚ್ಚಳಕ್ಕೆ ಬಟನ್ನು.

1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿದ ಮೇಲೂ ಕಸುಬು ಉಳಿಯಿತು. ಕಮರ್ಷಿಯಲ್ ಸ್ಟ್ರೀಟ್, ರಸೆಲ್ ಮಾರ್ಕೆಟ್ ಸುತ್ತಿನ ಬೀದಿಗಳಲ್ಲಿ ತಮಿಳು, ದಖ್ಖನಿ ಉರ್ದು, ಕನ್ನಡ ಕಲಸಿದ ಮಾತಿನಲ್ಲೇ ಚೀಲದ ರಿಪೇರಿಯ ಚೌಕಾಸಿ ನಡೆಯುತ್ತದೆ. ಚರ್ಮ ಹೆಚ್ಚಾಗಿ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳದು. ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಲಿಡ್ಕರ್ (ಈಗ ಡಾ. ಬಾಬು ಜಗಜೀವನರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ) ಕುಶಲಕರ್ಮಿಗಳಿಗೆ ತರಬೇತಿ, ಮಾರಾಟದ ನೆರವು ಕೊಡುತ್ತದೆ. ಇಂದಿರಾನಗರದ ಕಡೆ ಚರ್ಮಗೆಲಸ ಹವ್ಯಾಸವಾಗಿಯೂ ಬಂದಿದೆ. ಆನ್‌ಲೈನಿನಲ್ಲಿ ತರಿಸಿದ ಡಬ್ಬಿಯಲ್ಲಿ ಬಟನ್ನು, ತೂತು ಹೊಡೆಯುವ ಪಂಚು, ಕಾಲು ಅರಳಿಸುವ ಸೆಟ್ಟರ್ ಎಲ್ಲ ಒಟ್ಟಿಗೇ ಬರುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆ ಎಂದು ನಂಬುವುದೇ ಹೊಸಬರ ಮೊದಲ ಸೋಲು.

ಕೂರಿಸುವ ಕ್ರಮ

ಮೊದಲ ಕೆಲಸ ಕಾಲಿನ ಉದ್ದ ನೋಡುವುದು. ಕ್ಯಾಪಿನ ಕಾಲನ್ನು ಚರ್ಮದ ತೂತಿನಲ್ಲಿ ತೂರಿಸಿ, ಚರ್ಮವನ್ನು ಬೆರಳಿನಿಂದ ಕೆಳಗೆ ಅದುಮಿದಾಗ ಕಾಲಿನ ತುದಿ 2ರಿಂದ 3 ಮಿಲಿಮೀಟರಿನಷ್ಟು ಮೇಲೆ ನಿಲ್ಲಬೇಕು. ಸಾಕೆಟ್ಟನ್ನು ಇಟ್ಟರೆ ಅದರ ನಡುವಿನ ತೂತಿನಲ್ಲಿ ತುದಿ ಕಾಣಬೇಕು. ಅದಕ್ಕಿಂತ ಗಿಡ್ಡವಾದರೆ ಅರಳಲು ಲೋಹವೇ ಇಲ್ಲ. ಎಷ್ಟು ಬಲವಾಗಿ ಹೊಡೆದರೂ ಅಂಚು ಮಾತ್ರ ಮಡಿಚಿ, ಕೆಲವು ದಿನ ಹಿಡಿದಂತೆ ನಟಿಸಿ, ಒಂದು ಸಂಜೆ ಬಸ್ಸಿನಲ್ಲಿ ಕ್ಯಾಪು ಕೈಗೆ ಬರುತ್ತದೆ. ಉದ್ದವಾದರೆ ಕಾಲು ನೇರ ಅರಳದೆ ನಡುವೆಯೇ ಸೊಟ್ಟಗಾಗುತ್ತದೆ, ಬಟನ್ ವಾಲುತ್ತದೆ. ಸೊಟ್ಟ ಬಟನ್ನನ್ನು ಸುತ್ತಿಗೆಯ ಇನ್ನೊಂದು ಪೆಟ್ಟಿನಿಂದ ಸರಿಮಾಡಲು ಬರುವುದಿಲ್ಲ.

ಕಾಲಿನ ಉದ್ದ ತಯಾರಕರಿಂದ ತಯಾರಕರಿಗೆ ಬೇರೆ. ಕಾಲನ್ನು ಬದಲಿಸಲಾಗದಿದ್ದರೆ ಚರ್ಮವನ್ನು ಬದಲಿಸಬೇಕು. ದಪ್ಪ ಹೆಚ್ಚಾದರೆ ಒಳಮೈಯಲ್ಲಿ ಸಾಕೆಟ್ ಕೂರುವಷ್ಟು ಜಾಗವನ್ನು ಮಾತ್ರ ರಂಪಿಗೆಯಿಂದ ಹೆರೆದು ತೆಳುಮಾಡುತ್ತಾರೆ. ಅಂಚಿನ ಕಡೆಗೆ ಹೆರೆದರೆ ಪಟ್ಟಿಯೇ ದುರ್ಬಲ. ಕಡಿಮೆಯಾದರೆ ತುಂಡು ಚರ್ಮದ ಬಿಲ್ಲೆಯನ್ನು ಅಂಟಿಸಿ ದಪ್ಪ ತುಂಬುತ್ತಾರೆ. ಎರಡು ಪದರ ಇರುವ ಕಡೆ ಮೊದಲು ಅಂಟಿಸಿ ಒಣಗಿಸಿ ಆಮೇಲೆ ತೂತು ಹೊಡೆಯಬೇಕು. ಬೇರೆ ಬೇರೆಯಾಗಿ ತೂತು ಮಾಡಿ ಜೋಡಿಸಿದರೆ ಎರಡೂ ಕೂದಲೆಳೆಯಷ್ಟಾದರೂ ತಪ್ಪುತ್ತವೆ.

ತೂತು ಕಾಲಿನ ದಪ್ಪಕ್ಕೆ ಸರಿಸಮ, ಕೊಂಚ ಬಿಗಿಯೇ ಇರಲಿ. ತೂತು ಸಡಿಲವಾದರೆ ಹೊಡೆತಕ್ಕೆ ಕಾಲು ಚರ್ಮದೊಳಗೇ ಉಬ್ಬಿಕೊಳ್ಳುತ್ತದೆ, ತುದಿ ಅರಳುವುದಿಲ್ಲ. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಆರಿಯಿಂದ ಚುಚ್ಚಿ ಅಗಲಿಸಿದ ತೂತು ಬೇಡ. ಆರಿ ಚರ್ಮವನ್ನು ಸರಿಸುತ್ತದೆಯೇ ಹೊರತು ತೆಗೆಯುವುದಿಲ್ಲ, ಅದು ಮತ್ತೆ ಮುಚ್ಚಿಕೊಂಡು ಕಾಲಿನ ಸುತ್ತ ಸುಕ್ಕಾಗುತ್ತದೆ. ಹರಿತವಾದ ದುಂಡು ಪಂಚನ್ನು ಮರದ ದಿಮ್ಮಿಯ ಅಡ್ಡಕೊಯ್ತದ ಮೇಲೋ ನೈಲಾನ್ ಹಲಗೆಯ ಮೇಲೋ ಇಟ್ಟ ಚರ್ಮಕ್ಕೆ ಹೊಡೆಯಬೇಕು. ಕಲ್ಲಿನ ಮೇಲೆ ಹೊಡೆದರೆ ಪಂಚಿನ ಬಾಯಿ ಅಂದೇ ಮೊಂಡು. ಪಟ್ಟಿಯ ಅಂಚಿನಿಂದ ತೂತಿನ ಮಧ್ಯಕ್ಕೆ ಕನಿಷ್ಠ ಒಂದು ಸೆಂಟಿಮೀಟರು ದೂರ ಇರಲಿ. ಮುಚ್ಚಳದ ತುದಿಯಲ್ಲಿ ಬಟನ್ನಿನ ಆಚೆ ಬೆರಳಿಗೆ ಸಿಗುವಷ್ಟು ಚರ್ಮ ಉಳಿಸದಿದ್ದರೆ ಜನ ಕ್ಯಾಪಿನ ಅಂಚಿಗೇ ಉಗುರು ಹಾಕಿ ಎಳೆಯುತ್ತಾರೆ.

ಹೊಡೆಯುವಾಗ ಕ್ಯಾಪಿನ ಗುಮ್ಮಟ ಕೆಳಮುಖವಾಗಿ, ಅದೇ ಬಾಗಿನ ತಗ್ಗಿರುವ ಉಕ್ಕಿನ ಅಡಿಯ ಮೇಲೆ ಕೂರಬೇಕು. ರಸ್ತೆಬದಿಯ ಚಪ್ಪಲಿ ರಿಪೇರಿಯವರ ಮೂರು ಕಾಲಿನ ಕಬ್ಬಿಣ ಮೊಳೆಗೆ, ಹಿಮ್ಮಡಿಗೆ ಎಷ್ಟು ಒಳ್ಳೆಯದಾದರೂ ಅದರ ಮೈ ಸಪಾಟು; ಅದರ ಮೇಲೆ ಹೊಡೆದ ಕ್ಯಾಪು ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಅಂದಗೆಡುವುದಷ್ಟೇ ಅಲ್ಲ, ಒಳಗೆ ಕಾಲಿನ ಬುಡ ಸಡಿಲುತ್ತದೆ. ಮೇಲೆ ಚರ್ಮ, ಅದರ ಮೇಲೆ ಸಾಕೆಟ್, ಸಾಕೆಟ್ಟಿನ ನಡುವಿಗೆ ಸೆಟ್ಟರ್. ಸೆಟ್ಟರ್ ಎಂದರೆ ತುದಿಯಲ್ಲಿ ಸಣ್ಣ ಮೊನೆಯೂ ಅದರ ಸುತ್ತ ತಿರುವಿದ ಕಾಲುವೆಯೂ ಇರುವ ಉಕ್ಕಿನ ಸರಳು. ಮೊನೆ ಟೊಳ್ಳು ಕಾಲಿನೊಳಗೆ ಇಳಿದು ದಾರಿ ಹಿಡಿಸುತ್ತದೆ, ಕಾಲುವೆ ಕಾಲಿನ ಅಂಚನ್ನು ಹೊರಕ್ಕೆ ಹೂವಿನಂತೆ ಅರಳಿಸಿ ಕೆಳಗೆ ಮಡಿಚುತ್ತದೆ. ಸರಳು ಲಂಬವಾಗಿರಬೇಕು. ಕಚ್ಚಾತೊಗಲಿನ, ನೈಲಾನಿನ ಅಥವಾ ಮರದ ಕೊಡತಿಯಿಂದ ಮೂರು ನಾಲ್ಕು ಹದವಾದ ಪೆಟ್ಟು, ಪೆಟ್ಟಿನ ನಡುವೆ ಸರಳನ್ನು ಸ್ವಲ್ಪ ತಿರುಗಿಸುತ್ತ. ಒಂದೇ ಭಾರೀ ಪೆಟ್ಟು ಕೊಟ್ಟರೆ ಕಾಲು ಸೀಳುತ್ತದೆ. ಕಬ್ಬಿಣದ ಸುತ್ತಿಗೆ ಸೆಟ್ಟರಿನ ತಲೆಯನ್ನು ಹರಡಿಸಿ ಹಾಳುಮಾಡುತ್ತದೆ, ಹೊಡೆತದ ಲೆಕ್ಕವೂ ಸಿಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಸೆಟ್ಟರ್ ಬಟನ್ನಿಗೆ ಹೊಂದದಿದ್ದರೆ ಲೇತ್ ಕೆಲಸದವರಿಂದ ತಿರುಗಿಸಿಕೊಳ್ಳಬಹುದು. ಮಹದೇವಪುರ, ಕೆ.ಆರ್. ಪುರದ ಕಡೆ ಸಣ್ಣ ಯಂತ್ರಗೆಲಸದ ಶೆಡ್ಡುಗಳಿಗೆ ಕೊರತೆಯಿಲ್ಲ. ಮಾದರಿಯಾಗಿ ಎರಡು ಬಟನ್ ಜೊತೆಗೊಯ್ದು, ಕಾಲಿನ ಒಳವ್ಯಾಸಕ್ಕೆ ಮೊನೆ, ಕ್ಯಾಪಿನ ಬಾಗಿಗೆ ಅಡಿ ಮಾಡಿಸಿಕೊಂಡು, ಬೆಂಕಿಗಿಟ್ಟು ಗಟ್ಟಿಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ. ದಿನಕ್ಕೆ ನೂರಾರು ಬಟನ್ ಹೊಡೆಯುವವರಿಗೆ ಕೈ ಪ್ರೆಸ್ಸೇ ಲೇಸು. ಅದು ಲಂಬವನ್ನು ತಾನೇ ಕಾಯುತ್ತದೆ.

ಸ್ಟಡ್ಡಿನ ಜಾಗವನ್ನು ಅಳತೆಪಟ್ಟಿಯಿಂದ ಗುರುತಿಸುವುದು ತಪ್ಪು. ಸಾಕೆಟ್ ಕೂತ ಮೇಲೆ ಚೀಲದಲ್ಲಿ ಇಡಬೇಕಾದ್ದನ್ನೆಲ್ಲ ಇಟ್ಟು, ಸಾಕೆಟ್ಟಿನ ಬಾಯಿಗೆ ಸೀಮೆಸುಣ್ಣ ಸವರಿ, ಮುಚ್ಚಳವನ್ನು ಬಾಗಿಸಿ ಒತ್ತಬೇಕು. ಬಿದ್ದ ಬಿಳಿ ಉಂಗುರದ ನಡುವೆ ತೂತು. ಖಾಲಿ ಚೀಲವನ್ನು ಮೇಜಿನ ಮೇಲೆ ಚಪ್ಪಟೆ ಮಲಗಿಸಿ ಗುರುತು ಹಾಕಿದರೆ, ತುಂಬಿದಾಗ ಮುಚ್ಚಳ ಸಾಲುವುದಿಲ್ಲ. ಜನ ಜಗ್ಗಿ ಒತ್ತುತ್ತಾರೆ, ತಪ್ಪು ಬಟನ್ನಿನ ಮೇಲೆ ಬರುತ್ತದೆ. ಬಟನ್ ಚರ್ಮದ ಮೈಗೆ ಸಮಾಂತರವಾದ ಎಳೆತವನ್ನು ಚೆನ್ನಾಗಿ ತಾಳುತ್ತದೆ, ಅಂಚಿನಿಂದ ಸಿಪ್ಪೆ ಸುಲಿದಂತೆ ಎಬ್ಬಿಸಿದರೆ ಸುಲಭವಾಗಿ ಬಿಡುತ್ತದೆ. ಆದ್ದರಿಂದ ಭಾರದ ದಿಕ್ಕು ಮೊದಲನೆಯದಾಗಿಯೂ ಬೆರಳಿನ ದಿಕ್ಕು ಎರಡನೆಯದಾಗಿಯೂ ಇರುವಂತೆ ಜಾಗ ಆರಿಸಬೇಕು.

ಚರ್ಮ ಮತ್ತು ಲೋಹ

ತೊಗಟೆಯಿಂದ ಹದ ಮಾಡಿದ ಚರ್ಮ ಬಿಗಿ, ಹಿಗ್ಗುವುದು ಕಡಿಮೆ. ಬಟನ್ನಿಗೆ ಒಳ್ಳೆಯ ನೆಲೆ. ದಕ್ಷಿಣ ಭಾರತದಲ್ಲಿ ಇದಕ್ಕೆ ಹಿಂದೆ ಹೇರಳವಾಗಿ ಬಳಸುತ್ತಿದ್ದದ್ದು ತಂಗಡಿ ಗಿಡದ ತೊಗಟೆ. ಕ್ರೋಮಿಯಂ ಲವಣದಿಂದ ಮಾಡುವ ಕ್ರೋಮ್ ಹದ 20ನೆಯ ಶತಮಾನದ ಆರಂಭದಲ್ಲಿ ಮದ್ರಾಸಿನ ಮೂಲಕ ಬಂತು. ಅದರ ಪ್ರಯೋಗ ನಡೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಇಂದಿನ ಜಾಕೆಟ್ಟು, ಮೆತ್ತನೆಯ ಚೀಲಗಳೆಲ್ಲ ಬಹುಪಾಲು ಕ್ರೋಮ್ ಚರ್ಮ. ಅದು ಎಳೆದಂತೆ ಹಿಗ್ಗುತ್ತದೆ, ತೂತು ಅಗಲವಾಗಿ ಬಟನ್ ಚರ್ಮದಿಂದ ಕಳಚಿಕೊಳ್ಳುತ್ತದೆ. ಅಂಥಲ್ಲಿ ಒಳಪದರವಾಗಿ ಬಿಗಿ ಚರ್ಮದ ಅಥವಾ ಕ್ಯಾನ್ವಾಸಿನ ತುಂಡನ್ನು ಅಂಟಿಸಿಯೇ ಬಟನ್ ಹೊಡೆಯಬೇಕು.

ತೊಗಟೆ ಹದದ ಚರ್ಮಕ್ಕೆ ಇನ್ನೊಂದು ತೊಂದರೆ ಇದೆ. ಅದರಲ್ಲಿರುವ ಟ್ಯಾನಿನ್ನು ಕಬ್ಬಿಣದೊಂದಿಗೆ ಸೇರಿದರೆ ಕಪ್ಪುನೀಲಿ ಕಲೆ ಆಗುತ್ತದೆ. ಹಳೆಯ ಕಾಲದ ಶಾಯಿ ಮಾಡುತ್ತಿದ್ದದ್ದೂ ಇದೇ ರಾಸಾಯನಿಕ ಕ್ರಿಯೆಯಿಂದ. ನಿಕ್ಕಲ್ ಲೇಪದ ಅಗ್ಗದ ಕಬ್ಬಿಣದ ಬಟನ್, ಹೊಡೆಯುವಾಗ ಲೇಪ ಸೀಳಿದ ಜಾಗದಲ್ಲಿ, ಮಳೆಗೆ ನೆನೆದ ದಿನವೇ ಕಲೆ ಬಿಡುತ್ತದೆ. ಕೊಳ್ಳುವಾಗ ಅಯಸ್ಕಾಂತ ಮುಟ್ಟಿಸಿ ನೋಡುವುದು ಸುಲಭದ ಪರೀಕ್ಷೆ: ಅಂಟಿದರೆ ಕಬ್ಬಿಣ. ಹಿತ್ತಾಳೆಯದು ಅಂಟುವುದಿಲ್ಲ, ಬೆಲೆ ಹೆಚ್ಚು, ಕಾಲು ಸೀಳದೆ ಅರಳುತ್ತದೆ. ಚರ್ಮಕ್ಕೆ ಎಣ್ಣೆ, ಮೇಣ ಬಹಳ ಕುಡಿಸಿದ್ದರೆ ಹಿತ್ತಾಳೆಯ ಸುತ್ತ ಹಸಿರು ಕಿಲುಬು ಬರಬಹುದು. ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಬಂಧಕ್ಕೆ ಕೇಡಿಲ್ಲ.

ಪರೀಕ್ಷೆ, ದೋಷ, ರಿಪೇರಿ

ಹೊಡೆದ ಮೇಲೆ ಕ್ಯಾಪನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ತಿರುಗಿದರೆ ಸಡಿಲ, ಮತ್ತೆರಡು ಪೆಟ್ಟು ಕೊಡಬಹುದು. ತಿರುಗದಿದ್ದರೂ ಸ್ಟಡ್ ಒಳಗೆ ಹೋಗದಿದ್ದರೆ ಪೆಟ್ಟು ಹೆಚ್ಚಾಗಿ ಸಾಕೆಟ್ ನಜ್ಜಿದೆ, ಸ್ಪ್ರಿಂಗು ಹಿಗ್ಗಲು ಜಾಗವಿಲ್ಲ. ಅದನ್ನು ತೆಗೆದೇ ಹಾಕಬೇಕು. ಹೊಸ ಬಟನ್ನಿನ ಪೊಟ್ಟಣ ತಂದಾಗಲೆಲ್ಲ ಅದೇ ಚರ್ಮದ ಚೂರಿನ ಮೇಲೆ ಒಂದೆರಡು ಹೊಡೆದು ನೋಡದೆ ಮುಗಿದ ಚೀಲಕ್ಕೆ ಕೈ ಹಾಕುವುದು ದುಡುಕು.

ಕೆಟ್ಟ ಬಟನ್ನನ್ನು ಕಿತ್ತು ತೆಗೆದರೆ ಚರ್ಮವೂ ಜೊತೆಗೆ ಬರುತ್ತದೆ. ಸಾಕೆಟ್ಟಿನ ಕಡೆಯಿಂದ ಅರಳಿದ ಅಂಚನ್ನು ಕಟಿಂಗ್ ಪ್ಲೈಯರಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಇಲ್ಲವೇ ಸಣ್ಣ ಡ್ರಿಲ್ಲಿನಿಂದ ಕೊರೆದು, ಕಾಲನ್ನು ಹಿಂದಕ್ಕೆ ತಳ್ಳಬೇಕು. ತೂತು ಅಗಲವಾಗಿದ್ದರೆ ಒಳಗೆ ಹೊಸ ಚರ್ಮದ ಬಿಲ್ಲೆ ಅಂಟಿಸಿ ಅದರಲ್ಲಿ ಸರಿಯಾದ ತೂತು ಹೊಡೆಯುತ್ತಾರೆ. ಅಥವಾ 20 ಲೈನಿದ್ದಲ್ಲಿ 24 ಲೈನು ಹಾಕಿ ಮುಗಿಸುತ್ತಾರೆ. ಬಟನ್ ಬಿಗಿಯಾಗಿ ಬಿಚ್ಚಲು ಕಷ್ಟವಾದರೆ ಸ್ಟಡ್ಡಿನ ಸುತ್ತ ಮೇಣದಬತ್ತಿ ಉಜ್ಜಿದರೆ ಸಾಕು. ಹಳೆಯ ಉಂಗುರದ ಬಟನ್ ಸಡಿಲಾದರೆ ಸ್ಟಡ್ಡಿನ ತಲೆಗೆ ಹಗುರವಾಗಿ ತಟ್ಟಿ ತುಸು ಅಗಲಿಸಬಹುದು. ಜೋಡಿ ತಂತಿಯ ಬಟನ್ನಿನಲ್ಲಿ ಸೋತಿರುವುದು ತಂತಿಯಾದ್ದರಿಂದ ತಟ್ಟಿ ಪ್ರಯೋಜನವಿಲ್ಲ, ಹೆಣ್ಣು ಭಾಗವನ್ನೇ ಬದಲಿಸಬೇಕು.