ಕಾಳಗದ ಕಣಗಳ ಕಥೆ



ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದ ನಾನು ಇಂದು ವಿಡಿಯೋ ಆಟವೊಂದರ ರಣರಂಗಗಳ ಚರಿತ್ರೆಯನ್ನು ಹೇಳಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಕಳೆದ ಬೇಸಿಗೆಯವರೆಗೆ ನನಗೂ ಇಂಥ ವಿಷಯದಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ರಜೆಗೆ ಬಂದ ಮಗಳ ಮಗ ತನ್ನ ಆಟದ ಪೆಟ್ಟಿಗೆಯನ್ನು ನಮ್ಮ ಮನೆಯ ಟೆಲಿವಿಷನ್ನಿಗೆ ಜೋಡಿಸಿಕೊಂಡು ಸಂಜೆಯಿಡೀ ಕೂರುತ್ತಿದ್ದ. ಪತ್ರಿಕೆಯ ಮರೆಯಿಂದ ಆಗಾಗ ಕಣ್ಣು ಹಾಯಿಸುತ್ತಿದ್ದ ನನಗೆ ಅಲ್ಲಿ ಹೊಡೆದಾಡುತ್ತಿದ್ದ ವೀರರಿಗಿಂತ ಅವರ ಕಾಲ ಕೆಳಗಿನ ನೆಲವೇ ವಿಚಿತ್ರವಾಗಿ ಕಂಡಿತು. ಒಮ್ಮೆ ಕೋಟೆಯ ಮಾಡು, ಒಮ್ಮೆ ತೇಲುವ ಹಲಗೆ, ಮತ್ತೊಮ್ಮೆ ಹಳೆಯ ಕಾಲದ ಒರಟು ಚಿತ್ರದಂಥ ಇಟ್ಟಿಗೆಯ ಸಾಲು.

“ಇವರು ನಿಂತಿರುವುದು ಯಾವ ಜಾಗವೋ, ಪುಟ್ಟ?” ಎಂದೆ.

“ಅದು ಸ್ಟೇಜ್, ತಾತ. ನೂರಕ್ಕಿಂತ ಜಾಸ್ತಿ ಇವೆ” ಎಂದ.

ಅವನ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಭಾಷೆಯಲ್ಲಿ ನಾಟಕವಾಡುವ ಸ್ಥಳವೂ ರಂಗ, ಯುದ್ಧ ನಡೆಯುವ ಸ್ಥಳವೂ ರಂಗ. ತೆನೆ ಒಕ್ಕುವ ನೆಲವೂ ಕಣ, ಕಾದುವ ನೆಲವೂ ಕಣ. ಹೋರಾಟಕ್ಕೆ ಒಂದು ನೆಲ ಬೇಕು, ಆ ನೆಲಕ್ಕೆ ಒಂದು ಹೆಸರಿರಬೇಕು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದ್ದರಿಂದ ಈ ಆಟದ ರಂಗಗಳ ಪೂರ್ವೋತ್ತರವನ್ನು ತಿಳಿಯಬೇಕೆಂದು ಮೊಮ್ಮಗನಿಂದ ಕೇಳಿಯೂ ಓದಿಯೂ ಕೆಲವು ಸಂಗತಿಗಳನ್ನು ಕಲೆಹಾಕಿದೆ. ಅವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲ ಕಾಲದ ಕಾಳಗದ ಆಟಗಳಲ್ಲಿ ರಂಗವೆಂಬುದು ಬಹುಮಟ್ಟಿಗೆ ಬಣ್ಣದ ಪರದೆಯಾಗಿತ್ತು. ನಮ್ಮ ಕಂಪನಿ ನಾಟಕಗಳಲ್ಲಿ ಅರಮನೆಯ ಪರದೆ, ಅರಣ್ಯದ ಪರದೆ ಎಂದು ಇಳಿಬಿಡುತ್ತಿದ್ದರಲ್ಲ, ಹಾಗೆ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ಟ್ರೀಟ್ ಫೈಟರ್’ ಆಟದ ಎರಡನೆಯ ಭಾಗ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅದರಲ್ಲಿ ಆಟಗಾರ ಆರಿಸಿಕೊಳ್ಳಬಹುದಾದ ವೀರರು ಎಂಟು ಮಂದಿ. ಒಬ್ಬೊಬ್ಬನಿಗೂ ಒಂದೊಂದು ದೇಶ, ಒಂದೊಂದು ಪರದೆ. ಚೀನಾದ ವೀರಳಿಗೆ ಬೀದಿ, ಅಮೆರಿಕದ ಸೈನಿಕನಿಗೆ ವಾಯುನೆಲೆ, ರಷ್ಯದ ಮಲ್ಲನಿಗೆ ಕಾರ್ಖಾನೆ. ನಮ್ಮ ದೇಶಕ್ಕೂ ಅಲ್ಲಿ ಒಂದು ರಂಗ ದೊರಕಿತು. ಧಾಲ್ಸಿಮ್ ಎಂಬ ಯೋಗಿಯ ಆ ಅರಮನೆಯಲ್ಲಿ ಆನೆಗಳು ಸಾಲಾಗಿ ನಿಂತು ಘೀಳಿಡುತ್ತವೆ. ಕೈಕಾಲುಗಳನ್ನು ರಬ್ಬರಿನಂತೆ ನೀಳವಾಗಿ ಚಾಚಿ ಹೊಡೆಯುವ ಯೋಗಿ, ಹಿಂದೆ ಆನೆಗಳ ಸಾಲು: ದೂರದವರ ಕಣ್ಣಿಗೆ ಭಾರತವೆಂದರೆ ಇಷ್ಟೇ ಆಗಿತ್ತೆಂದು ನಗುವುದೋ ಮುನಿಯುವುದೋ ತಿಳಿಯದು.

ಅದೇ ಆಟದ ಭೂಪಟದಲ್ಲಿ ಮಲ್ಲನ ದೇಶದ ಹೆಸರು ಸೋವಿಯತ್ ಒಕ್ಕೂಟವೆಂದಿದೆ. ಆಟ ಬಂದದ್ದು 1991ರ ಮೊದಲ ತಿಂಗಳುಗಳಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ವಿನೋದಕ್ಕೆಂದು ಬರೆದ ಪರದೆ ವರ್ಷ ತುಂಬುವುದರೊಳಗೆ ಚರಿತ್ರೆಯ ದಾಖಲೆಯಾಗಿಬಿಟ್ಟಿತು.

ಮುಂದೆ ಬೇರೆ ಬೇರೆ ಕಥೆಗಳ ವೀರರನ್ನು ಒಂದೇ ಕಣದಲ್ಲಿ ಸೇರಿಸುವ ಬಗೆಯ ಆಟಗಳು ಬಂದವು. 1994ರಲ್ಲಿ ಎಸ್‌ಎನ್‌ಕೆ ಸಂಸ್ಥೆ ತನ್ನ ಹಳೆಯ ಆಟಗಳ ವೀರರನ್ನು ಹೊಸಬರೊಂದಿಗೆ ಕೂಡಿಸಿ, ಮೂವರು ಮೂವರಂತೆ ಎಂಟು ತಂಡಗಳನ್ನು ಕಟ್ಟಿ ‘ಕಿಂಗ್ ಆಫ್ ಫೈಟರ್ಸ್’ ಎಂಬ ಆಟವನ್ನು ಹೂಡಿತು. 1996ರಲ್ಲಿ ಕ್ಯಾಪ್‌ಕಾಮ್ ತನ್ನ ವೀರರನ್ನು ಅಮೆರಿಕದ ಚಿತ್ರಕಥೆಗಳ ಎಕ್ಸ್-ಮೆನ್ ವೀರರಿಗೆ ಇದಿರಾಗಿ ನಿಲ್ಲಿಸಿತು. ವೀರರ ಗಡಿಗಳು ಮುರಿದವು, ನಿಜ. ಆದರೆ ಕಾಲ ಕೆಳಗಿನ ನೆಲ ಇನ್ನೂ ಸಮತಟ್ಟಾದ ನೆಲವಾಗಿಯೇ, ಹಿಂದಿನ ಪರದೆ ಪರದೆಯಾಗಿಯೇ ಉಳಿಯಿತು.

ಆ ನೆಲವನ್ನು ಕದಲಿಸಿದವರು ಜಪಾನಿನ ಯಾಮಾನಾಶಿ ಪ್ರಾಂತದ ಒಂದು ಸಂಸ್ಥೆಯವರು. ಹಾಲ್ ಲ್ಯಾಬೊರೇಟರಿ ಎಂದು ಅದರ ಹೆಸರು. ಅಲ್ಲಿ ಮಸಾಹಿರೊ ಸಕುರಾಯ್ ಎಂಬ ತರುಣ ವಿನ್ಯಾಸಕಾರನಿಗೆ ನಾಲ್ವರು ಏಕಕಾಲಕ್ಕೆ ಆಡುವ ಕಾಳಗದ ಆಟವೊಂದನ್ನು ರಚಿಸುವ ಬಯಕೆ. ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಅವರೇ ವಾರದ ಕೊನೆಯ ದಿನಗಳಲ್ಲಿ ಕುಳಿತು ಅದರ ಪ್ರೋಗ್ರಾಮನ್ನು ಬರೆದುಕೊಟ್ಟರು. ಆ ಮೊದಲ ಕರಡಿನಲ್ಲಿ ಪ್ರಸಿದ್ಧ ವೀರರು ಯಾರೂ ಇಲ್ಲ. ಮುಖವಿಲ್ಲದ ಬೊಂಬೆಗಳಂಥ ಆಕೃತಿಗಳಷ್ಟೆ. ರಂಗಕ್ಕೆ ಹಿನ್ನೆಲೆಯಾಗಿ ಸಂಸ್ಥೆಯ ಕಚೇರಿ ಇದ್ದ ರ್ಯೂಓ ಎಂಬ ಊರಿನ ಛಾಯಾಚಿತ್ರವೊಂದನ್ನು ಇಟ್ಟುಕೊಂಡರು. ಆಟಕ್ಕೂ ಊರಿನ ಹೆಸರನ್ನೇ ಇಟ್ಟರು. ರ್ಯೂಓ ಎಂದರೆ ನಾಗರಾಜ, ಡ್ರ್ಯಾಗನ್ನುಗಳ ಅರಸು ಎಂದರ್ಥ. ಲೋಕಪ್ರಸಿದ್ಧವಾಗಲಿದ್ದ ಆಟವೊಂದರ ಮೊಟ್ಟಮೊದಲ ಕಣ ಹೀಗೆ ಕಿಟಕಿಯಾಚೆಗಿನ ಸಾಮಾನ್ಯ ಊರಾಗಿತ್ತು.

ಬಳಿಕ ನಿಂಟೆಂಡೊ ಸಂಸ್ಥೆಯ ಹೆಸರುವಾಸಿಯಾದ ಪಾತ್ರಗಳನ್ನು ತಂದು ಸೇರಿಸಿ, 1999ರ ಜನವರಿಯಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎಂಬ ಹೆಸರಿನಿಂದ ಆಟವನ್ನು ಪ್ರಕಟಿಸಿದರು. ಹನ್ನೆರಡು ವೀರರು, ಒಂಬತ್ತು ರಂಗಗಳು. ಇಲ್ಲಿಯ ಯುದ್ಧದ ನಿಯಮವನ್ನು ಸ್ವಲ್ಪ ವಿವರಿಸಬೇಕು. ಹಳೆಯ ಆಟಗಳಲ್ಲಿ ಪೆಟ್ಟು ಬಿದ್ದಂತೆಲ್ಲ ಪ್ರಾಣಶಕ್ತಿ ಕುಗ್ಗಿ, ಮುಗಿದಾಗ ಸೋಲು. ಇಲ್ಲಿ ಪೆಟ್ಟು ಬಿದ್ದಂತೆಲ್ಲ ಒಂದು ಅಂಕಿ ಏರುತ್ತದೆ. ಅಂಕಿ ಏರಿದಷ್ಟೂ ವೀರ ಹಗುರಾದವನಂತೆ ದೂರ ದೂರಕ್ಕೆ ಎಸೆಯಲ್ಪಡುತ್ತಾನೆ. ಕಣದಾಚೆಗೆ ಬಿದ್ದು ಮರಳಿ ಬರಲಾರದಾದಾಗ ಸೋಲುತ್ತಾನೆ. ಹೀಗಾಗಿ ಅಂಚು ಎಲ್ಲಿದೆ, ಹಲಗೆ ಎಷ್ಟು ಎತ್ತರದಲ್ಲಿದೆ, ಹಿಡಿದು ಮೇಲೇರಲು ಆಸರೆ ಉಂಟೋ ಇಲ್ಲವೋ ಎಂಬುದೇ ಜೀವನ್ಮರಣದ ಪ್ರಶ್ನೆಯಾಯಿತು. ಪರದೆಯಾಗಿದ್ದ ರಂಗ ತಾನೇ ಒಂದು ಪಾತ್ರವಾಯಿತು.

ಆ ಒಂಬತ್ತು ರಂಗಗಳಲ್ಲಿ ಕೆಲವನ್ನು ಕೇಳಿ. ಹೈರೂಲ್ ಎಂಬ ಕೋಟೆಯ ಮೇಲೆ ಸುಂಟರಗಾಳಿಯೆದ್ದು ಸಿಕ್ಕವರನ್ನು ಎತ್ತಿ ಎಸೆಯುತ್ತದೆ. ಜೀಬಿಸ್ ಎಂಬ ಗ್ರಹದಲ್ಲಿ ಆಮ್ಲದ ಕೊಳ ಏರುತ್ತ ಇಳಿಯುತ್ತ ಕಾಲನ್ನು ಸುಡುತ್ತದೆ. ಕಾಂಗೊ ಕಾಡಿನಲ್ಲಿ ಕೆಳಗೆ ಬಿದ್ದವನನ್ನು ಪೀಪಾಯಿಯೊಂದು ಹಿಡಿದುಕೊಂಡು ಮೇಲಕ್ಕೆ ಹಾರಿಸಿ ಉಳಿಸುವುದೂ ಉಂಟು. ಕನಸಿನ ನಾಡಿನಲ್ಲಿ ಮುದಿ ಮರವೊಂದು ಉಸಿರುಬಿಟ್ಟು ಕಾದುವವರನ್ನು ಪಕ್ಕಕ್ಕೆ ತಳ್ಳುತ್ತದೆ. ಯೋಶಿಯ ದ್ವೀಪದ ಮೋಡಗಳು ನಿಂತವರ ಭಾರಕ್ಕೆ ಕರಗಿಹೋಗುತ್ತವೆ. ಒಂಬತ್ತನೆಯದು ಗುಟ್ಟಾಗಿ ಅಡಗಿಸಿಟ್ಟ ರಂಗ. ಅದು 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಇಟ್ಟಿಗೆ ಕೊಳವೆಗಳ ಲೋಕ. ಹದಿನಾಲ್ಕು ವರ್ಷಗಳ ಹಿಂದಿನ ಹಳೆಯ ಊರಿಗೆ ವೀರರು ಹಿಂದಿರುಗಿ ಬಂದಂತೆ.

ಇಲ್ಲಿಂದ ಮುಂದೆ ಈ ಆಟದ ರಂಗಗಳು ಒಂದು ಬಗೆಯ ಸ್ಮೃತಿಭಂಡಾರವಾಗಿ ಬೆಳೆದವು. 2001ರ ಎರಡನೆಯ ಆಟದಲ್ಲಿ 29 ರಂಗಗಳು. ಅವುಗಳಲ್ಲಿ ಒಂದು, 1980ರಲ್ಲಿ ಮೊದಲಾದ ಅಂಗೈಯಗಲದ ಆಟದ ಯಂತ್ರಗಳ ಕಪ್ಪು ನೆರಳಿನ ಲೋಕ. 2008ರಲ್ಲಿ 41 ರಂಗಗಳು. ಅಲ್ಲಿ 1981ರ ‘ಡಾಂಕಿ ಕಾಂಗ್’ ಆಟದ ಉಕ್ಕಿನ ತೊಲೆಗಳೇ ಕಣವಾದವು. ಒಂದು ಕಾಲಕ್ಕೆ ನಿಂಟೆಂಡೊದ ಕಡುವೈರಿಯಾಗಿದ್ದ ಸೆಗಾ ಸಂಸ್ಥೆ 2001ರಲ್ಲಿ ಆಟದ ಯಂತ್ರಗಳ ತಯಾರಿಕೆಯನ್ನು ಕೈಬಿಟ್ಟಿತ್ತು. ಅದರ ಹಸಿರು ಗುಡ್ಡದ ರಂಗವೂ ಇದೇ 2008ರಲ್ಲಿ ವೈರಿಯ ಮನೆಯೊಳಗೆ ಅತಿಥಿಯಾಗಿ ಬಂದಿತು. 2018ರ ಡಿಸೆಂಬರಿನಲ್ಲಿ ಬಂದ ‘ಅಲ್ಟಿಮೇಟ್’ ಎಂಬ ಆಟ ಹೊರಬೀಳುವಾಗಲೇ 103 ರಂಗಗಳಿದ್ದವು. 1999ರ ಒಂಬತ್ತರಲ್ಲಿ ಏಳು ಅಲ್ಲಿಗೆ ಮರಳಿ ಬಂದವು. ಆ ಹಳೆಯ ಕಾಲದ ಒರಟು ಚಿತ್ರಣವನ್ನು ಬೇಕೆಂದೇ ಹಾಗೆಯೇ ಉಳಿಸಿಕೊಂಡರು. ಮೊಮ್ಮಗನ ಆಟದಲ್ಲಿ ನಾನು ಕಂಡು ಬೆರಗಾದದ್ದು ಅದನ್ನೇ. ಆಮ್ಲದ ಕೊಳದ ರಂಗವೂ ಬಾಹ್ಯಾಕಾಶ ನೌಕೆಯ ಬೆನ್ನಿನ ರಂಗವೂ ಮರಳಲಿಲ್ಲ.

ಆ ಬಳಿಕ ಕೂಡಿದ ರಂಗಗಳಲ್ಲಿ ಎರಡನ್ನು ಹೇಳಿದರೆ ಸಾಕು. 2019ರಲ್ಲಿ ಹಿಂದೆ ಹೇಳಿದ ‘ಕಿಂಗ್ ಆಫ್ ಫೈಟರ್ಸ್’ ಆಟದ ಕ್ರೀಡಾಂಗಣ ಬಂದಿತು. ಅದರ ಎರಡು ಪಕ್ಕದಲ್ಲಿಯೂ ಕಣ್ಣಿಗೆ ಕಾಣದ ಗೋಡೆಗಳಿವೆ. ಹಳೆಯ ಬಗೆಯ ಕಣ ತನ್ನ ಗೋಡೆಗಳ ಸಮೇತ ಹೊಸ ಕಣದೊಳಗೆ ಬಂದು ನೆಲೆಸಿತು. 2020ರಲ್ಲಿ ‘ಮೈನ್‌ಕ್ರಾಫ್ಟ್’ ಆಟದ ನಾಯಕ ಬಂದ. ಅವನು ನೆಲವನ್ನು ಅಗೆದು, ಕಲ್ಲುಮಣ್ಣಿನ ದಿಮ್ಮಿಗಳನ್ನು ಎಲ್ಲಿ ಬೇಕೆಂದರಲ್ಲಿ ಇಟ್ಟು ಕಾದುವವನು. ಅವನೊಬ್ಬನ ಸಲುವಾಗಿ ಆಟದ ರಂಗಗಳನ್ನೆಲ್ಲ ಮತ್ತೆ ಕೈಗೆತ್ತಿಕೊಂಡು ತಿದ್ದಬೇಕಾಯಿತೆಂದು ಸಕುರಾಯ್ ಅವರೇ ಹೇಳಿದ್ದಾರೆ. ಅಗೆಯುವವನೊಬ್ಬ ಬಂದರೆ ಎಲ್ಲ ನೆಲವೂ ಬದಲಾಗಬೇಕಾಗುತ್ತದೆ!

ಈಗ ನನ್ನ ಮನಸ್ಸನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ಈ ಆಟಕ್ಕೆ ಲೋಕದ ನಾನಾ ಕಡೆ ಪಂದ್ಯಾವಳಿಗಳು ನಡೆಯುತ್ತವೆ. ಹಣವೂ ಕೀರ್ತಿಯೂ ಪಣಕ್ಕಿರುವಲ್ಲಿ ಸುಂಟರಗಾಳಿಯಿಂದ ಸೋತೆನೆಂದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಪಂದ್ಯದವರು ರಂಗಗಳನ್ನು ಒಂದೊಂದಾಗಿ ಬಹಿಷ್ಕರಿಸುತ್ತ ಬಂದರು. 2001ರ ಆಟದ 29 ರಂಗಗಳಲ್ಲಿ ಪಂದ್ಯಕ್ಕೆ ಯೋಗ್ಯವೆಂದು ಬಹುಕಾಲ ಉಳಿದವು ಕೇವಲ ಆರು. ಮೊದಲ ಆಟಕ್ಕೆ ಅವುಗಳಲ್ಲಿ ಐದನ್ನಿಟ್ಟುಕೊಂಡು, ಒಬ್ಬ ಒಂದನ್ನು ಹೊಡೆದುಹಾಕುತ್ತಾನೆ, ಇದಿರಾಳಿ ಎರಡನ್ನು, ಮತ್ತೆ ಮೊದಲಿನವನು ಒಂದನ್ನು. ಉಳಿದ ಐದನೆಯದರಲ್ಲಿ ಕಾದಾಟ. ನ್ಯಾಯದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಏರ್ಪಾಡೇ ಸರಿ. ಯುದ್ಧಕ್ಕೆ ಮುನ್ನ ಕುರುಕ್ಷೇತ್ರದಲ್ಲಿ ಇಬ್ಬಣದವರೂ ಕೂಡಿ ಧರ್ಮಯುದ್ಧದ ಕಟ್ಟಳೆಗಳನ್ನು ಗೊತ್ತುಮಾಡಿಕೊಂಡದ್ದು ಇದರಿಂದ ನೆನಪಾಗುತ್ತದೆ.

ಆಟದ ಕರ್ತೃಗಳೂ ಈ ಬೇಡಿಕೆಗೆ ಓಗೊಟ್ಟರು. 2014ರ ಆಟದಲ್ಲಿ ರಂಗಗಳನ್ನು ಏಕರೂಪವಾದ ಚಪ್ಪಟೆ ನೆಲವಾಗಿ ಮಾರ್ಪಡಿಸಿಕೊಳ್ಳುವ ಅನುಕೂಲ ಬಂದಿತು. 2018ರಲ್ಲಿ ರಂಗದ ಗಾಳಿ, ಬೆಂಕಿ, ಬಲೆಗಳನ್ನು ಒಂದು ಗುಂಡಿಯಿಂದ ಆರಿಸಿಬಿಡಬಹುದಾಯಿತು. ಚಿತ್ರ ಉಳಿಯಿತು, ನೆಲದ ಗುಣ ಹೋಯಿತು. ಒಂದರ್ಥದಲ್ಲಿ ರಂಗವು ಮತ್ತೆ ಕಂಪನಿ ನಾಟಕದ ಪರದೆಯಾಯಿತು.

ಮೊಮ್ಮಗನೂ ಸೋತಾಗಲೆಲ್ಲ ಚಪ್ಪಟೆ ನೆಲವನ್ನೇ ಕೇಳುತ್ತಿದ್ದ. “ಅದೇ ನ್ಯಾಯ, ತಾತ” ಎನ್ನುತ್ತಿದ್ದ. ಒಂದು ಸಂಜೆ ಅವನ ಗೆಳೆಯನೊಬ್ಬ ದೂರದಲ್ಲೇ ನಿಂತು ಬಾಣದಂಥ ಅಸ್ತ್ರಗಳನ್ನು ಎಸೆದು ಅವನನ್ನು ಅದೇ ಚಪ್ಪಟೆ ನೆಲದಲ್ಲಿ ಸೋಲಿಸಿದ. ಮರೆಗೆ ನಿಲ್ಲಲು ಒಂದು ದಿಣ್ಣೆಯಿಲ್ಲ, ಏರಲು ಒಂದು ಹಲಗೆಯಿಲ್ಲ. ಬಲ್ಲ ಆಟಗಾರರು ಇದನ್ನು ಎಂದೋ ಕಂಡುಕೊಂಡಿದ್ದಾರೆ: ಬಯಲು ದೂರದಿಂದ ಎಸೆಯುವವನ ಕಡೆಗೆ ವಾಲುತ್ತದೆ. ಪಕ್ಷಪಾತವಿಲ್ಲದ ನೆಲವೆಂಬುದು ಇಲ್ಲ. ಯಾವ ನೆಲ ಯಾರ ಪಕ್ಷವೆಂಬುದು ತಿಳಿದಿರಬೇಕು, ಅಷ್ಟೆ.

ಈ ಮಾತು ಮನಸ್ಸಿಗೆ ಹೊಳೆದಾಗ ನನ್ನದೇ ತಪ್ಪೊಂದು ಎದುರಿಗೆ ಬಂದು ನಿಂತಿತು. ರನ್ನನ ‘ಗದಾಯುದ್ಧ’ವನ್ನು ನಾನು ಎಷ್ಟೋ ತಂಡಗಳಿಗೆ ಪಾಠ ಹೇಳಿದ್ದೇನೆ. ದುರ್ಯೋಧನ ಹೆಣಗಳ ನಡುವೆ ಎಡವುತ್ತ ನಡೆದು, ಗುರುವನ್ನೂ ಗೆಳೆಯನನ್ನೂ ತಮ್ಮನನ್ನೂ ಆ ನೆಲದ ಮೇಲೆ ಕಂಡು, ಕೊನೆಗೆ ವೈಶಂಪಾಯನ ಸರೋವರವನ್ನು ಸೇರುತ್ತಾನೆ. ಭೀಮ ದುರ್ಯೋಧನರ ಮಾತುಗಳನ್ನು ನಾನು ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ರಣಭೂಮಿಯನ್ನು ಬಣ್ಣಿಸುವ ಹಲವು ಪದ್ಯಗಳ ಅಂಚಿನಲ್ಲಿ ಮಾತ್ರ “ವರ್ಣನೆ, ಬಿಡಬಹುದು” ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೆ. ಪರೀಕ್ಷೆಯ ಕಾಲ ಸಮೀಪಿಸುತ್ತಿತ್ತು, ಅವಧಿಗಳು ಕಡಮೆ ಇದ್ದವು, ಕಾರಣಗಳಿಗೇನೂ ಕೊರತೆಯಿರಲಿಲ್ಲ. ಆ ನೆಲವನ್ನು ದಾಟದೆ ದುರ್ಯೋಧನ ಆ ದುರ್ಯೋಧನನಾಗುವುದಿಲ್ಲವೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಲಿಲ್ಲ. ರನ್ನನ ಕಣವನ್ನು ನಾನೂ ಚಪ್ಪಟೆ ಮಾಡಿದ್ದೆ. ಆ ಹುಡುಗರಲ್ಲಿ ಎಷ್ಟೋ ಮಂದಿ ಈಗ ತಾವೇ ಅಧ್ಯಾಪಕರಾಗಿ ಪಾಠ ಹೇಳುತ್ತಿದ್ದಾರೆ. ನನ್ನ ಗುರುತುಗಳು ಅವರ ಪುಸ್ತಕಗಳಲ್ಲಿಯೂ ಇರಬಹುದು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಆ ಮೊದಲ ಕರಡಿಗೆ ಹೆಸರು ಕೊಟ್ಟ ರ್ಯೂಓ ಎಂಬ ಊರು 2004ರಲ್ಲಿ ನೆರೆಯ ಎರಡು ಊರುಗಳೊಡನೆ ಕೂಡಿ ಕಾಯ್ ಎಂಬ ನಗರವಾಯಿತು. ಸ್ವತಂತ್ರ ಊರಾಗಿ ಅದರ ಹೆಸರು ಈಗ ಉಳಿದಿಲ್ಲ. ವಾರದ ಬಿಡುವಿನಲ್ಲಿ ಪ್ರೋಗ್ರಾಮು ಬರೆದ ಇವಾಟಾ ಅವರು ಮುಂದೆ ನಿಂಟೆಂಡೊದ ಅಧ್ಯಕ್ಷರಾಗಿ, 2015ರ ಜುಲೈನಲ್ಲಿ ತೀರಿಕೊಂಡರು. ಆದರೆ ಮುಖವಿಲ್ಲದ ಬೊಂಬೆಗಳ ಹಿಂದೆ ಆ ಊರಿನ ಒಂದು ಹಗಲು ಹಾಗೆಯೇ ನಿಂತಿದೆ. ಪ್ರಕಟವಾಗದ ಕರಡೊಂದು ಒಂದು ಊರನ್ನು ಹೀಗೆ ಕಾಪಾಡಿಕೊಂಡಿದೆ.

ರಜೆ ಮುಗಿದು ಊರಿಗೆ ಹೊರಡುವ ಹಿಂದಿನ ಸಂಜೆ ಮೊಮ್ಮಗ, “ತಾತ, ಇವತ್ತು ರಂಗ ನೀವೇ ಆರಿಸಿ” ಎಂದ. ನಾನು ಹೈರೂಲ್ ಕೋಟೆಯನ್ನು ಆರಿಸಿದೆ. ಗಾಳಿಯನ್ನು ಆರಿಸಬೇಡವೆಂದೂ ಹೇಳಿದೆ. ಗೆಲ್ಲುವ ಹೊತ್ತಿಗೆ ಸರಿಯಾಗಿ ಸುಂಟರಗಾಳಿ ಅವನನ್ನು ಎತ್ತಿಕೊಂಡು ಹೋಯಿತು. ಕೋಪಿಸಿಕೊಂಡಾನೆಂದು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ಹೋದ ಮೇಲೆ ನಾನು ಹಳೆಯ ‘ಗದಾಯುದ್ಧ’ವನ್ನು ಕಪಾಟಿನಿಂದ ತೆಗೆದೆ. ಪೆನ್ಸಿಲಿನ ಗುರುತುಗಳಿರುವ ಪದ್ಯಗಳನ್ನೇ ಈಗ ದಿನಕ್ಕೊಂದರಂತೆ ಓದುತ್ತಿದ್ದೇನೆ.



(ಬಾನುಲಿ ಭಾಷಣ)