ಅಂಜಿಕೆಗೆ ಅಂತ್ರ, ಸಮನ್ವಯಕ್ಕೆ ಅನುದಾನ

ನಮ್ಮ ಹಟ್ಟಿಯ ಮಗುವಿನ ಅಂಜಿಕೆಗೆ ಸರ್ಕಾರ ಮೊದಲ ರೂಪಾಯಿ ಖರ್ಚು ಮಾಡಿದ್ದು ಯಾವಾಗ?

ಈ ಪ್ರಶ್ನೆ ಪುಸ್ತಕ ಓದಿ ಹುಟ್ಟಿದ್ದಲ್ಲ ಗೆಳೆಯರೇ. ನಾಯಕನಹಟ್ಟಿ ಸೀಮೆಯಲ್ಲಿ ಮಗು ನಡುರಾತ್ರಿ ಬೆಚ್ಚಿ ಎದ್ದು ಕೂತರೆ, ಇದ್ದಕ್ಕಿದ್ದಂಗೆ ಮಾತು ಬಿಟ್ಟರೆ, ಏಳೆಂಟು ವರ್ಷವಾದರೂ ಹಾಸಿಗೆ ಒದ್ದೆ ಮಾಡಿಕೊಂಡರೆ 'ಅಂಜಿಕೊಂಡೈತೆ' ಅಂಬ್ತಾರೆ. ಅಂತ್ರ ಕಟ್ಟಿಸ್ತಾರೆ. ಬೇವಿನ ಸೊಪ್ಪಲ್ಲಿ ಇಳಿ ತೆಗೀತಾರೆ. ತಿಪ್ಪೇರುದ್ರಸ್ವಾಮಿ ಗುಡಿ ಮುಂದೆ ಕೂರಿಸಿ ಬೂದಿ ಹಚ್ಚುತಾರೆ. ನಮಗೂ ಹಚ್ಚಿದ್ದರು. ಆದರೆ ನಾವು ಅಂಜಿದ್ದು ದೆವ್ವಕ್ಕಲ್ಲ. ಶಾಲೆಯಲ್ಲಿ ನೀರಿನ ಕೊಡ ಮುಟ್ಟಿದ ದಿನ ಬಿದ್ದ ಏಟಿಗೆ. ಏಟಿಗಿಂತ ಹೆಚ್ಚಾಗಿ, ಇಡೀ ತರಗತಿ ನಕ್ಕಿದ್ದಕ್ಕೆ. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಅವಳು ಅಳುತಾಳೆ, ಇಲ್ಲವೇ ಶಾಲೆ ಬಿಡಿಸುತಾಳೆ. ಅವಳು ಕೂಲಿ ದುಡ್ಡಲ್ಲಿ ಅಂತ್ರ ತಂದು ಕೊರಳಿಗೆ ಕಟ್ಟಿದಳು. ಹಂಗೆ ನೋಡಿದರೆ ನಮ್ಮ ಅಂಜಿಕೆಗೆ ಮೊದಲ ಅನುದಾನ ಮಂಜೂರು ಮಾಡಿದವಳು ಅವ್ವ.

ಇನ್ನು ಸರ್ಕಾರದ ಲೆಕ್ಕ ತೆಗೆಯೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರ. ಅಂಗನವಾಡಿಗೆ ಆರು ಕೆಲಸ ಹಚ್ಚಿದರು: ಪೂರಕ ಆಹಾರ, ಚುಚ್ಚುಮದ್ದು, ತಪಾಸಣೆ, ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಕಳಿಸುವುದು, ಶಾಲೆಗೆ ಮುಂಚಿನ ಪಾಠ, ತಾಯಂದಿರಿಗೆ ತಿಳುವಳಿಕೆ. ಮನಸ್ಸು ಎಂಬುದು ಏಳನೆಯದಾಗಿಯೂ ಬರಲಿಲ್ಲ. ಹಸಿದ ಮಗುವಿಗೆ ಮೊದಲು ಊಟ ಕೊಟ್ಟದ್ದಕ್ಕೆ ನಮ್ಮ ತಕರಾರಿಲ್ಲ. ಆ ಊಟ ಉಂಡೇ ನಾವು ಇಷ್ಟುದ್ದ ಆಗಿದ್ದು.

ಮನಸ್ಸಿನ ಮಾತು ಬಂದದ್ದು ನಮ್ಮ ಪಕ್ಕದಲ್ಲೇ. ಮೊಳಕಾಲ್ಮೂರು ದಾಟಿದರೆ ಬಳ್ಳಾರಿ ಸೀಮೆ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಒಪ್ಪಿಕೊಂಡ ಮೇಲೆ, 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರು, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರು, ಇವರಿಗೇ ತರಬೇತಿ. ಬೆರಳೆಣಿಕೆಯ ಮಾತ್ರೆ, ಸರಳ ದಾಖಲೆ. ಮನಸ್ಸಿನ ಕಾಯಿಲೆಗೆ ಬೆಂಗಳೂರಿನ ಗೇಟೇ ಕಾಯಬೇಕಿಲ್ಲ ಎಂದು ಬರಗಾಲದ ಜಿಲ್ಲೆಯೊಂದು ತೋರಿಸಿಕೊಟ್ಟಿತು. 1996ರಲ್ಲಿ ಅದೇ 'ಬಳ್ಳಾರಿ ಮಾದರಿ' ಕೇಂದ್ರದ ದುಡ್ಡಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇದು ದೊಡ್ಡ ಕೆಲಸ, ನಾವು ತಲೆಬಾಗುತ್ತೇವೆ. ಆದರೆ ಆ ಪಟ್ಟಿಯಲ್ಲಿದ್ದದ್ದು ತೀವ್ರ ಮನೋರೋಗ, ಮೂರ್ಛೆ, ಬುದ್ಧಿಮಾಂದ್ಯ ಮುಂತಾದವು. ಮೂರ್ಛೆ ಬಿದ್ದ ಮಗುವಿಗೆ ಮಾತ್ರೆ ಸಿಕ್ಕಿತು. ಅಂಜಿದ ಮಗು ಅಂತ್ರ ಕಟ್ಟಿಕೊಂಡೇ ಕೂತಿತು.

ಅದೇ ಕಾಲ, ಅದೇ ಸೀಮೆ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಬಸವಿ ಬಿಡುವುದು ಅಪರಾಧವಾಯಿತು. 1993-94ರಲ್ಲೊಮ್ಮೆ, 2007-08ರಲ್ಲೊಮ್ಮೆ ಸಮೀಕ್ಷೆ ಮಾಡಿ ತಾಯಂದಿರನ್ನು ಎಣಿಸಿದರು. ಸಾಲ, ಮಾಸಾಶನ ಕೊಟ್ಟರು. ಅವರ ಮಗ ಶಾಲೆಗೆ ಹೋದಾಗ ಮೇಷ್ಟ್ರು ಹಾಜರಿ ಪುಸ್ತಕ ತೆಗೆದು ಎಲ್ಲರೆದುರು 'ಅಪ್ಪನ ಹೆಸರೇನೋ?' ಅಂತ ಕೇಳಿದರಲ್ಲ, ಆ ಗಾಯ ಯಾವ ಕಡತಕ್ಕೆ ಸೇರಬೇಕು? ತಾಯಿ ಒಂದು ಇಲಾಖೆಯ ಕಡತ. ಮಾತ್ರೆ ಇನ್ನೊಂದರದ್ದು. ಹಾಜರಿ ಪುಸ್ತಕ ಮತ್ತೊಂದರದ್ದು. ಮೂರೂ ಒಂದೇ ತಾಲ್ಲೂಕಿನ ಕಛೇರಿಗಳಲ್ಲಿ ಧೂಳು ತಿಂದವು, ಒಂದನ್ನೊಂದು ಮಾತಾಡಿಸಲಿಲ್ಲ. ಅರ್ಜಿಯಲ್ಲಿ ಅಪ್ಪನ ಹೆಸರು ಕಡ್ಡಾಯವಲ್ಲ ಎನ್ನುವ ಮಸೂದೆಯನ್ನು ವಿಧಾನಮಂಡಲ ಒಪ್ಪಲು 2025 ಬರಬೇಕಾಯಿತು. ನಲವತ್ತಮೂರು ವರ್ಷ!

ಸಮನ್ವಯ ಎಂಬ ಮಾತು ಆಮೇಲೆ ಬಂತು, ದುಡ್ಡಿನ ಜೊತೆಗೇ ಬಂತು. 2009ರಲ್ಲಿ ಮಕ್ಕಳ ರಕ್ಷಣಾ ಯೋಜನೆ, ಜಿಲ್ಲೆಗೊಂದು ಘಟಕ. 2012ರಲ್ಲಿ ಪೋಕ್ಸೊ ಕಾಯ್ದೆ. 2014ರಲ್ಲಿ ತಾಲ್ಲೂಕಾಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ'. 2020ರ ಜೂನ್‌ನಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆಯ ಹಣದಲ್ಲಿ, ನಿಮ್ಹಾನ್ಸ್‌ನಲ್ಲೇ 'ಸಂವಾದ'. ನೊಂದ ಮಗುವನ್ನು ಮತ್ತೆ ನೋಯಿಸದಂಗೆ ಹೇಗೆ ಮಾತಾಡಿಸಬೇಕು ಎಂದು ರಕ್ಷಣಾ ಸಿಬ್ಬಂದಿ, ಸಲಹೆಗಾರರು, ಶಿಕ್ಷಕರು, ವಕೀಲರಿಗೆ ಕಲಿಸುವುದು ಅದರ ಕೆಲಸ. ವರ್ಷವೊಂದರಲ್ಲೇ ಹತ್ತಿರ ಹತ್ತಿರ ಒಂದು ಲಕ್ಷ ಜನರಿಗೆ ತರಬೇತಿಯಾಯಿತೆಂದು 2021ರಲ್ಲಿ ಸರ್ಕಾರ ಹೇಳಿತು. ಹೀಯಾಳಿಸುವ ಕೆಲಸವಲ್ಲ ಇದು. ಪೊಲೀಸ್ ಠಾಣೆಯಲ್ಲಿ ಹತ್ತು ಸಲ ಅದೇ ಕಥೆ ಹೇಳಿಸಿಕೊಂಡ ಮಗುವನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ದುಡ್ಡು ಹರಿಯುವ ಕಾಲುವೆ ನೋಡಿ. ದೂರು ದಾಖಲಾದ ಮೇಲೆ, ಮಗು ಬಾಲಮಂದಿರ ಸೇರಿದ ಮೇಲೆ, ಅಪ್ಪ ಅವ್ವ ಸತ್ತ ಮೇಲೆ ವ್ಯವಸ್ಥೆಗೆ ಮಗು ಕಾಣಿಸುತ್ತದೆ. ನೀರಿನ ಕೊಡದ ಏಟಿಗೆ ದೂರು ಕೊಡುವವರು ಯಾರು? ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ನೊಂದವರ, ಅವರ ಅವಲಂಬಿತರ, ಸಾಕ್ಷಿಗಳ ಪುನರ್ವಸತಿ ಸರ್ಕಾರದ ಹೊಣೆ ಎನ್ನುತ್ತದೆ. ಕೇರಿಗೆ ಕಲ್ಲು ಬಿದ್ದ ರಾತ್ರಿ ಅವ್ವನ ಬೆನ್ನ ಹಿಂದೆ ನಿಂತು ಎಲ್ಲ ಕಂಡ ಹುಡುಗಿಯೂ ಸಾಕ್ಷಿಯೇ ಅಲ್ಲವೇ? ಅವಳ ನಿದ್ದೆಗೆ ಪುನರ್ವಸತಿ ಏನು?

ತರಬೇತಿಗೆ ದುಡ್ಡಿಲ್ಲ, ಜಾಗವಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ನಾಯಕನಹಟ್ಟಿ ಮಗ್ಗುಲಿಗೇ ಕುದಾಪುರ. ಕುರಿ ದನ ಮೇಯುತ್ತಿದ್ದ ಕಾವಲಿನಲ್ಲಿ 1500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ಅಲ್ಲಿ ಹಳ್ಳಿ ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸುವ ಕೇಂದ್ರ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಬೆಳಕು ಹೇಗೆ ಬಾಗುತ್ತದೆ ಎಂದು ಕಲಿಸಲು ಮೇಷ್ಟ್ರನ್ನು ಕರೆಸಬಹುದಾದರೆ, ಹಿಂದಿನ ಸಾಲಿನ ಮಗು ಯಾಕೆ ಬಾಗಿ ಕೂತಿದೆ ಎಂದು ಕಲಿಸಲೂ ಕರೆಸಬಹುದು. ಆ ತರಬೇತಿಯ ಮೊದಲ ಪಾಠ ಜಾತಿ ಆಗಬೇಕು. ಅದನ್ನು ಬಿಟ್ಟು 'ಆಘಾತ' ಎಂದರೆ ನಮ್ಮ ಕಡೆ ಅರ್ಧ ಮಾತು.

ಮೊನ್ನೆ ಒಬ್ಬ ಅಂಗನವಾಡಿ ಅಕ್ಕನನ್ನು ಕೇಳಿದೆವು, ಅಂಜಿಕೊಂಡ ಮಗುವನ್ನು ಎಲ್ಲಿ ಬರೀತೀಯಕ್ಕ ಅಂತ. ಅವಳು ಫೋನು ತೋರಿಸಿ ನಕ್ಕಳು. 'ಇದು ತೂಕ ಕೇಳ್ತೈತೆ, ಎತ್ತರ ಕೇಳ್ತೈತೆ. ಅಂಜಿಕೆ ಕೇಳಂಗಿಲ್ಲ.' ಅವಳ ಸೆರಗು ಹಿಡಿದು ಒಂದು ಹುಡುಗಿ ನಿಂತಿತ್ತು, ನಾವಿದ್ದಷ್ಟು ಹೊತ್ತೂ ಬಿಡಲಿಲ್ಲ. ತಾಲ್ಲೂಕಾಸ್ಪತ್ರೆಗೆ ಮನಸಿನ ಡಾಕ್ಟ್ರು ಬರೋ ಮಂಗಳವಾರ ತೋರಿಸಬಹುದಲ್ಲ ಅಂದೆವು.

'ಮಂಗಳವಾರ ಇದರವ್ವ ಕೂಲಿ ಬಿಟ್ರೆ ರಾತ್ರಿಗೆ ಏನು ಬೇಯಿಸ್ತಾಳೆ?' ಅಂದು ಅಕ್ಕ ಆ ಹುಡುಗಿಯನ್ನು ತೂಕದ ತಕ್ಕಡಿಯಲ್ಲಿ ಕೂರಿಸಿದಳು. ಹುಡುಗಿ ಆಗಲೂ ಸೆರಗು ಬಿಡಲಿಲ್ಲ.